ನಿಮ್ಮ ಹೆಸರಿನ ಮೂವರು

ಜಮಖಂಡಿ
ಶ್ರಾವಣದ ಎರಡನೆಯ ಸೋಮವಾರ, ೧೯೪೪

ನಮ್ಮ ಮನೆಯ ಯಜಮಾನರಿಗೆ ದುಂಡವ್ವನ ಶರಣು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಮಳೆ ಹಿಡಿದಾಗಿನಿಂದ ಅತ್ತೆಯವರಿಗೆ ಮೊಣಕಾಲು ನೋವು, ಆದರೂ ರೊಟ್ಟಿ ಬಡಿಯುವುದನ್ನು ಮಾತ್ರ ನನಗೆ ಬಿಟ್ಟುಕೊಟ್ಟಿಲ್ಲ. ನಿಮ್ಮ ಹಿಂದಿನ ಪತ್ರ ಬಂದದ್ದು ಕಾರಹುಣ್ಣಿಮೆಗೆ. ಬರ್ಮಾದಲ್ಲಿ ಮಳೆ ಜೋರು, ಟಪಾಲು ತಡವಾಗುತ್ತದೆ ಎಂದು ನಿಮ್ಮ ತಮ್ಮ ರೇವಪ್ಪ ಹೇಳುತ್ತಾನೆ. ಮೈದುನನಾದವನು ಅತ್ತಿಗೆಗೆ ಬೇರೆ ಏನು ಹೇಳಿಯಾನು!

ಒಂದು ಸಂಗತಿಯನ್ನು ನಿಮಗೆ ಹೇಳದೆ ಇರಲಾರೆ. ನಗುತ್ತೀರೋ ಬೈಯುತ್ತೀರೋ ತಿಳಿಯದು.

ಈ ಸಲ ನಾನು ಕಲಿಸುವ ಹೆಣ್ಣುಮಕ್ಕಳ ಶಾಲೆಗೆ ಸೀಮೆಯ ಚರಿತ್ರೆಯ ಪಾಠ ಬಂದಿದೆ. ಅದರಲ್ಲಿ ಒಂದೇ ಮನೆತನದ ಮೂವರು ದೇಸಾಯರು. ಒಬ್ಬ ಮುನ್ನೂರು ವರ್ಷದ ಹಿಂದೆ ಕೆರೆ ಕಟ್ಟಿಸಿದವನು. ಇನ್ನೊಬ್ಬ ನೂರು ವರ್ಷ ಬಿಟ್ಟು ಬಂದು ಕೋಟೆಯ ಕೀಲಿಯನ್ನು ವೈರಿಗೆ ಕೊಟ್ಟವನು. ಮೂರನೆಯವನು ನಮ್ಮ ಮುತ್ತಜ್ಜನ ಕಾಲದವನು, ರಣದಲ್ಲಿ ಬಿದ್ದವನು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮಂದಿಯ ರೂಢಿ ಗೊತ್ತಲ್ಲ, ಮೂವರ ಹೆಸರೂ ಒಂದೇ. ಅದು ನಿಮ್ಮ ಹೆಸರು!

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ನನ್ನ ತಲೆಯಲ್ಲಿ ತುಂಬಿ ಕಳಿಸಿದ್ದಾಳೆ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಬಿಡದಿದ್ದಾಗ ಒಡಪು ಕಟ್ಟಿ ಅದರೊಳಗೆ ಒಮ್ಮೆ ಹೇಳಿದ್ದೆ, ಅಷ್ಟೇ. ನೀವು ಲಡಾಯಿಯಲ್ಲಿರುವಾಗ ಪಾಠದ ಸಲುವಾಗಿ ಹೇಳಲೇ? ಹಲಗೆಯ ಮೇಲೂ ಬರೆಯಲಿಲ್ಲ. “ನಮ್ಮ ಮನಿಯವರ ಹೆಸರಿನ ದೇಸಾಯರು” ಎಂದು ಕಲಿಸಿದೆ. ನಿಮ್ಮನ್ನು ಅರಿಯದ ಮಕ್ಕಳು ಈ ಓಣಿಯಲ್ಲಿ ಯಾರಿದ್ದಾರೆ? ಎಲ್ಲವೂ ತಲೆಯಾಡಿಸಿದವು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕೋಟೆಯ ಕೀಲಿ ಕೊಟ್ಟವನು ಯಾರು ಎಂದು ಕೇಳಿದರು. ನೂಲಿನ ವ್ಯಾಪಾರಿ ಅನಂತಪ್ಪನವರ ಮಗಳು ಬ್ರಾಹ್ಮಿ ಎಲ್ಲರಿಗಿಂತ ಚುರುಕು. ಚಟ್ಟನೆ ಎದ್ದು, “ನಮ್ಮ ಅಕ್ಕೋರ ಮನಿಯವ್ರರೀ!” ಎಂದಳು. ಕೆರೆ ಕಟ್ಟಿಸಿದವನು? “ಅವ್ರ ರೀ.” ರಣದಲ್ಲಿ ಸತ್ತವನು? “ಅವ್ರೂ ಅವ್ರ ರೀ. ಈಗ ಪಲ್ಟನ್‌ದಾಗ ಅದಾರ.”

ಸಾಹೇಬರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಕಾರಣ ಹೇಳಿದೆ. ಕರಗಲಿಲ್ಲ. “ಹೆಸರ ಹೇಳಾಕ ಆಗೂದಿಲ್ಲಂದ್ರ ಸಾಲಿ ಯಾಕ ಕಲಸ್ತೀರಿ ಅಕ್ಕೋರ? ಈಗ ಹೇಳ್ರಿ, ಇಲ್ಲಂದ್ರ ನಾಳಿಂದ ಬರಬ್ಯಾಡ್ರಿ” ಎಂದರು. ನೂಲು ಸಿಗದೆ ರೇವಪ್ಪನ ಮಗ್ಗ ನಿಂತಿದೆ. ನನ್ನ ಪಗಾರವೂ ನಿಂತರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಹೇಳಿದೆ. ಕೆರೆಯವನಿಗೆ ಒಮ್ಮೆ, ಕೀಲಿಯವನಿಗೆ ಒಮ್ಮೆ. ಮೂರನೆಯ ಸಲ ನಿಮ್ಮ ಹೆಸರು ಹೇಳಿ, ಅದರ ಮುಂದೆ ‘ರಣದಲ್ಲಿ ಬಿದ್ದ’ ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಮಕ್ಕಳೆಲ್ಲ ನನ್ನ ಹಿಂದೆ ರಾಗವಾಗಿ ಅದನ್ನೇ ಹೇಳಿದವು.

ಅಲ್ಲಿಂದ ಇಲ್ಲಿಯವರೆಗೆ ನಿಮ್ಮದೊಂದು ಅಕ್ಷರವಿಲ್ಲ. ಇದು ಬರ್ಮಾದ ಮಳೆಯ ಕೆಲಸವೋ, ನನ್ನ ನಾಲಿಗೆಯ ಕೆಲಸವೋ? ನಾನು ಹೇಳಿದ್ದು ಎಂದೋ ಸತ್ತ ದೇಸಾಯಿಯ ಹೆಸರು, ನಿಮ್ಮದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಹೇಳುವಾಗ ಕಣ್ಣ ಮುಂದೆ ಬಂದದ್ದು ನಿಮ್ಮ ಮುಖ. ಅತ್ತೆಯವರು ದಿನಾ ದೀಪ ಹಚ್ಚಿ ನಿಮ್ಮ ಹೆಸರು ಎತ್ತಿಯೇ ಆಯುಷ್ಯ ಬೇಡುತ್ತಾರೆ. ಅದೇ ಹೆಸರನ್ನು ತಾಯಿ ಹೇಳಿದರೆ ಒಳ್ಳೆಯದು, ಹೆಂಡತಿ ಹೇಳಿದರೆ ಕಂಟಕ, ಇದು ಯಾವ ನ್ಯಾಯ? ಪಾಠ ಹೇಳುವವಳು ನಾನು, ನನಗೇ ತಿಳಿಯುತ್ತಿಲ್ಲ. ಅತ್ತೆಯವರಿಗೆ ಇದನ್ನೆಲ್ಲ ಹೇಳಿಲ್ಲ. ಬಹಳ ಹೆದರಿಕೆಯಾಗುತ್ತದೆ. ಬೈದಾದರೂ ಎರಡು ಸಾಲು ಬರೆಯಿರಿ.

ನಿಮ್ಮ ದಾರಿ ಕಾಯುವ
ದುಂಡವ್ವ

ತಾ.ಕ.: ಇಷ್ಟು ದಿನ ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದವನು ರೇವಪ್ಪ. ಅವನು ಇಲ್ಲೇ ಕಟ್ಟೆಯ ಮೇಲೆ ಕೂತಿದ್ದಾನೆ. ಈ ಸಲ ಅವನಿಗೆ ಕೊಡಲಿಲ್ಲ. ‘ಸಿಪಾಯಿ ಮಹಾಲಿಂಗಪ್ಪ’ ಎಂದು ನಾನೇ ಬರೆದೆ, ಬರೆದು ಬಾಯಿಬಿಟ್ಟು ಓದಿದೆ. ಆ ಮೂವರಲ್ಲಿ ಯಾರನ್ನೂ ಅಲ್ಲ, ನಿಮ್ಮನ್ನೇ ಹೆಸರು ಹಿಡಿದು ಕರೆದಿದ್ದೇನೆ. ಓ ಅನ್ನಿರಿ.