ಉದ್ದ ತೋಳಿನ ಸ್ವೆಟರ್

ತಮ್ಮಾ,

ಪೇಟೆಗೆ ಹೋಗ್ತಿದ್ದೀನಿ, ಸಂಜೆಗೆ ಬರ್ತೀನಿ. ನಿನ್ನ ಗೊರಕೆ ಕೇಳಿ ಎಬ್ಬಿಸೋಕೆ ಮನಸ್ಸು ಬರಲಿಲ್ಲ.

ಕೋಳಿಗಳಿಗೆ ಕಾಳು ಹಾಕಿದ್ದೀನಿ. ಮತ್ತೆ ಬಂದು ಕೇಳಿದ್ರೆ ನಂಬಬೇಡ.

ಕರಿಮೂತಿ ಇವತ್ತೇ ಮರಿ ಹಾಕೋ ಹಾಗಿದೆ. ನಸುಕಿನಿಂದ ನೆಲ ಕೆರೀತಿದೆ, ಮೇವು ಮುಟ್ಟಿಲ್ಲ. ಚೊಚ್ಚಲು ಕುರಿ, ಹೆದರಿದೆ. ಗಳಿಗೆಗೊಂದ್ಸಲ ಇಣುಕಿ ಅದರ ಪ್ರಾಣ ತಿನ್ನಬೇಡ. ಕೊಟ್ಟಿಗೆ ಒಳಗೇ ಹೋಗಿ ಅದರ ಪಕ್ಕ ಅಮ್ಮನ ಮಣೆ ಮೇಲೆ ಕೂತ್ಕೋ. ಬುಟ್ಟೀಲಿ ನಾನು ಶುರು ಮಾಡಿರೋ ಸ್ವೆಟರ್ ಇದೆ, ಅದರ ತೋಳು ಹೆಣೀತಾ ಇರು. ಬರಲ್ಲ ಅಂತ ನಾಟಕ ಬೇಡ, ಅಮ್ಮ ಇಬ್ಬರಿಗೂ ಒಟ್ಟಿಗೇ ಕಲಿಸಿದ್ದು. ನಿನ್ನ ಹೆಣಿಗೇನೇ ನೀಟಾಗಿರ್ತಿತ್ತು, ನನಗೆ ಹೊಟ್ಟೆ ಉರೀತಿತ್ತು.

ತೀರಾ ಕಷ್ಟಪಡ್ತಿದ್ರೆ ದನದ ಡಾಕ್ಟರಿಗೆ ಫೋನ್ ಮಾಡು. ನಂಬರ್ ಬಾಗಿಲ ಹಿಂದೆ ಬರೆದಿದೆ.

ನಿನ್ನ ಸ್ಕೂಲ್ ಸ್ವೆಟರಿಗೆ ಒಂದು ತೋಳು ಉದ್ದ, ಎಲ್ಲರೂ ನಗ್ತಾರೆ ಅಂತ ಅತ್ತಿದ್ದೆಯಲ್ಲ, ಆ ತೋಳು ಹೆಣೆಯೋವಾಗ ನಾನು ಕೊಟ್ಟಿಗೇಲಿ ಅಮ್ಮನ ಪಕ್ಕದಲ್ಲೇ ಇದ್ದೆ. ಕರಿಮೂತಿಯ ಅಜ್ಜಿ ಮರಿ ಹಾಕೋಕಾಗದೆ ಒದ್ದಾಡ್ತಿತ್ತು. "ನನ್ನ ಕೈ ನಿಂತ್ರೆ ಅದಕ್ಕೆ ಗಾಬರಿ ಆಗುತ್ತೆ ಕಣೇ" ಅಂದ್ಲು ಅಮ್ಮ. ತೋಳಿನ ಅಳತೆ ಮುಗಿದ ಮೇಲೂ ಹೆಣೀತಾನೇ ಇದ್ಲು. ಮರಿ ಎದ್ದು ನಿಂತ ಮೇಲೇನೇ ಕಡ್ಡಿ ಕೆಳಗಿಟ್ಟಿದ್ದು. ಆ ಕಡ್ಡಿಗಳ ಟಿಕ್ ಟಿಕ್ ಇನ್ನೂ ನನ್ನ ಕಿವೀಲಿದೆ.

ನೀನೂ ನಿಲ್ಲಿಸಬೇಡ. ಈ ಸ್ವೆಟರ್ ನನಗೇ. ತೋಳು ಎಷ್ಟು ಉದ್ದ ಆದ್ರೂ ಮಡಚಿ ಹಾಕ್ಕೋತೀನಿ.

ಅಕ್ಕ