ಅಕ್ಕನ ಸಹಾಯಕನ ವಜಾ

ಕೂಕಟ್‌ಪಲ್ಲಿ

ಮಹಾರಾಜಶ್ರೀ ಹರ್ಷದಾ ಅಕ್ಕನವರ ಸನ್ನಿಧಾನಕ್ಕೆ,

ನಿನ್ನ ಎಐ ಸಹಾಯಕನಿಗೆ ಮೇಲ್, ಕ್ಯಾಲೆಂಡರ್, ವಾಟ್ಸ್ಆ್ಯಪ್‌ಗೆ ಇದ್ದ ಪ್ರವೇಶವನ್ನು, ನೀನು ಮನೆಯಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪ್‌ನಿಂದ ಒಂದೇ ನಿಮಿಷದಲ್ಲಿ ಕಿತ್ತುಹಾಕಿದ್ದೇನೆಂದು ವಿನಮ್ರವಾಗಿ ತಿಳಿಸುತ್ತೇನೆ.

ನಿನ್ನ ಸ್ಕೂಟರ್ ಮಾರಿಬಿಟ್ಟೆ ಅಂತ ನಿನ್ನೆ ನಾನು ವಾಟ್ಸ್ಆ್ಯಪ್‌ನಲ್ಲಿ ಸುಳ್ಳು ಸಂದೇಶ ಕಳಿಸಿದ್ದೆ. ಮೊದಲಾಗಿದ್ದರೆ ನೀನು, "ಲೇ ಮಂಗ್ಯಾ, ಮನಿಗೆ ಬರ್ತೀನಿ ತಡಿ, ಕಾಲ ಮುರಿತೀನಿ!" ಅಂತ ಅರ್ಧ ತಾಸು ಬೈಯುತ್ತಿದ್ದೆ. ಆ ಸಹಾಯಕ ನಿನ್ನ ಹೆಸರಲ್ಲಿ, "ತಿಳಿಸಿದ್ದಕ್ಕೆ ಧನ್ಯವಾದಗಳು" ಅಂತ ಬರೆದ!

ಹತ್ತೊಂಬತ್ತು ವರ್ಷದಿಂದ ನಿನ್ನ ಬೈಗುಳಕ್ಕೆ ನಾನೊಬ್ಬನೇ ಹಕ್ಕುದಾರ. ನಡುವೆ ಇವನ್ಯಾರು?

ಮೇಲ್, ಕ್ಯಾಲೆಂಡರ್ ಬೇಕಾದರೆ ಅವನಿಗೆ ಮರಳಿ ಕೊಡು. ವಾಟ್ಸ್ಆ್ಯಪ್ ಮಾತ್ರ ಕೊಡಬೇಡ. ಸ್ಕೂಟರ್ ಕೆಳಗೇ ನಿಂತಿದೆ. ಆದರೂ ಒಮ್ಮೆ ಫೋನ್ ಮಾಡಿ ಬೈ. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೇನೆ.

ನಿನ್ನ ಏಕೈಕ ಮಂಗ್ಯಾ,
ಕೌಸ್ತುಭ