ನೀನು ಆರಿಸದ ಗೇರ್‌ಬಾಕ್ಸ್

ಗ್ಯಾರೇಜಿನ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಬೆನ್ನೆಲ್ಲಾ ಬೆವರುಸಾಲೆ ಎದ್ದಿದೆ ಎಂದು ಹೋದ ಸಲ ಬರೆದಿದ್ದೆ, ಈಗ ಕಮ್ಮಿಯಾಯಿತೇ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಲಸ ಕೆಲಸ ಎಂದು ಒಣಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನ ಕೆಮ್ಮು ಹೋಗಿದೆ, ಬೈಗುಳ ಹೋಗಿಲ್ಲ. ಅಪ್ಪನದೇ ಯೋಚನೆ. ಎಡಮಂಡಿ ಮತ್ತೆ ಊದಿದೆ; ಕ್ಲಚ್ ಒಂದು ಸಲ ತುಳಿದರೆ ಮುಖ ಕಿವುಚುತ್ತಾರೆ, ಮತ್ತೊಮ್ಮೆ ತುಳಿಯಬೇಕಾದರೆ ಹಲ್ಲು ಕಚ್ಚುತ್ತಾರೆ. ಗೇರ್ ಹಾಕುವ ಕೈಯ ಭುಜವೂ ಹಿಡಿದುಕೊಂಡಿದೆ, ಕೈಯನ್ನು ಮುಂದಕ್ಕೆ ಪೂರ್ತಿ ಚಾಚಲು ಆಗುವುದಿಲ್ಲ. ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸುವುದು ಅಮ್ಮ. ಇದನ್ನು ಯಾರಿಗೂ ಹೇಳಕೂಡದು ಎಂದು ಆಣೆ ಬೇರೆ ಹಾಕಿಸಿಕೊಂಡಿದ್ದಾರೆ. ಹೇಳಿದೆ, ಆಯಿತಲ್ಲ.

ಈಗ ಸುದ್ದಿ. ನಮ್ಮ ಮುದಿ ಜೀಪಿನ ಗೇರ್‌ಬಾಕ್ಸ್ ಕೊನೆಗೂ ಕೈಕೊಟ್ಟಿತು. ಕಲ್ಲುಗಣಿಯ ಏರಿನಲ್ಲಿ ಎರಡನೇ ಗೇರು ತಾನಾಗಿಯೇ ಹೊರಗೆ ನೆಗೆದು, ಅಪ್ಪ ಬ್ರೇಕಿನ ಮೇಲೆ ನಿಂತುಕೊಂಡೇ ಹಿಂದೆ ಹಿಂದೆ ಇಳಿದು ಬಂದರಂತೆ. ನಾನು ಇಳಿಸಿ ಬಿಚ್ಚಿ ನೋಡಿದರೆ ಹಲ್ಲುಗಳೆಲ್ಲ ಸವೆದು ಅಜ್ಜಿಯ ಬಾಯಿ. ಜೊತೆಗೆ ಹೊರಗಿನ ಕವಚವೇ ಬಿರುಕು ಬಿಟ್ಟಿದೆ. ರಿಪೇರಿಯ ಮಾತಿಲ್ಲ, ಬೇರೆಯದೇ ಆಗಬೇಕು. ಅಪ್ಪ ಕೈ ಒರೆಸಿಕೊಳ್ಳುತ್ತಾ ಅಂದರು: "ಗುಜರಿಯವನ ಹತ್ರ ನೋಡಿಕೊಂಡು ಬಾ. ಆದ್ರೆ ತಮ್ಮನ್ನ ಕೇಳದೆ ಯಾವುದನ್ನೂ ಎತ್ತಿಕೊಂಡು ಬರಬೇಡ." ಕೇಳಿಸಿತೇನೋ? ಹನ್ನೆರಡು ವರ್ಷದಿಂದ ಈ ಗ್ಯಾರೇಜಿನ ಗಾಡಿಗಳ ಕೆಳಗೆ ಮಲಗಿರುವುದು ನಾನು. ನೀನು ಹಡಗು ಹತ್ತಿ ಆರು ವರ್ಷವಾಯಿತು. ಆದರೂ ನಿನ್ನ ಒಂದು 'ಹೂಂ' ಇಲ್ಲದೆ ಇಲ್ಲಿ ದೊಡ್ಡ ಸಾಮಾನು ಯಾವುದೂ ಗಾಡಿಯೊಳಗೆ ಹೋಗುವುದಿಲ್ಲ. ನಿನ್ನ ಹಡಗಿನ ಚಿತ್ರ ಬೆಂಚಿನ ಮೇಲೆ ಚೌಕಟ್ಟಿನಲ್ಲಿ ನೇತಾಡುತ್ತಿದೆ, ನನ್ನ ಟ್ರೇಡ್ ಸರ್ಟಿಫಿಕೇಟು ಗ್ರೀಸ್ ಡಬ್ಬದ ಹಿಂದೆ ಇದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಗುಜರಿಯವರ ಹತ್ತಿರ ಮೂರು ಇದ್ದವು. ಒಂದು, ನಮ್ಮ ಜೀಪಿನದೇ ಮಾಡೆಲಿನದು. ಬಿಚ್ಚಿದ ಬೋಲ್ಟನ್ನೇ ತಿರುಗಿ ಹಾಕಿದರೆ ಕೆಲಸ ಮುಗಿಯಿತು. ಆದರೆ ಗೇರು ಇಳಿಸುವಾಗಲೆಲ್ಲ ಹಳೆಯದರ ಹಾಗೆಯೇ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. ಇನ್ನೊಂದು, ಹೊಸ ಕಾಲದ ಐದು ಗೇರಿನದು. ಗುಜರಿಯವರು ಅದನ್ನು ಹೊಗಳಿದ್ದೇ ಹೊಗಳಿದ್ದು: "ರೋಡಲ್ಲಿ ಬೆಣ್ಣೆ ಹಾಗೆ ಹೋಗುತ್ತೆ ನೋಡಮ್ಮ!" ರೋಡಿನಲ್ಲಿ ಹೋಗುತ್ತದಪ್ಪಾ, ಗಣಿಯ ಏರಿನಲ್ಲಿ? ಅದರ ಮೊದಲ ಗೇರಿಗೆ ಎಳೆಯುವ ಕಸುವಿಲ್ಲ, ಬಾಕ್ಸಿನ ಉದ್ದವೂ ಜಾಸ್ತಿ. ಮೂರನೆಯದು ಯಾವುದೋ ಸಣ್ಣ ಲಾರಿಯದು, ನಾಲ್ಕು ಗೇರು, ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಒಂದೇ ತುಳಿತಕ್ಕೆ ಗೇರ್ ಬೀಳುತ್ತದೆ, ಮೊದಲ ಗೇರು ಆನೆಯ ಹಾಗೆ ಎಳೆಯುತ್ತದೆ. "ಲಿವರ್ ಒಂದು ಗೇಣು ಹಿಂದಕ್ಕೆ, ಸೀಟಿನ ಪಕ್ಕಕ್ಕೇ ಬಂದುಬಿಡುತ್ತೆ, ಚೆಂದ ಕಾಣಲ್ಲ" ಎಂದು ಅವರೇ ಮೂಗು ಮುರಿದರು. ನಾನು ಎಣ್ಣೆ ಇಳಿಸಿ ಬೆರಳಲ್ಲಿ ತಿಕ್ಕಿ ನೋಡಿದೆ, ಕಬ್ಬಿಣದ ಪುಡಿ ಇರಲಿಲ್ಲ. ಶಾಫ್ಟ್ ಹಿಡಿದು ಅಲ್ಲಾಡಿಸಿದೆ, ಮಿಸುಕಲಿಲ್ಲ. ಅದನ್ನೇ ಎತ್ತಿಸಿಕೊಂಡು ಬಂದೆ. ಎಂಜಿನ್ನಿಗೆ ಜೋಡಿಸುವ ಪ್ಲೇಟನ್ನು ಆಮೇಲೆ ಪಕ್ಕದ ಅಂಗಡಿಯ ಲೇತ್ ಮಾಮ ಕಡೆದುಕೊಟ್ಟರು.

ಬಾಕ್ಸ್ ಇಳಿಸುವಾಗ ಅಪ್ಪ ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದರು. ಬಾಕ್ಸನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಅವನು ಯಾವುದು ಅಂದ?" ನೀನು ನಡುಗಡಲಿನಲ್ಲಿದ್ದೆ, ಮೂರು ದಿನದಿಂದ ಫೋನಿಗೆ ಸಿಕ್ಕಿರಲಿಲ್ಲ. ನಾನೇ ಆರಿಸಿದೆ ಎಂದರೆ ಸಂಜೆಯವರೆಗೆ ವಾದ, ಆಮೇಲೆ ನೀನು ಸಿಗುವವರೆಗೆ ಜೀಪು ನಿಂತಲ್ಲೇ. ಬಾಯಿಗೆ ಬಂದದ್ದು ಅಂದುಬಿಟ್ಟೆ: "ಇದೇ ಅಂದ." ಅಪ್ಪ ತಲೆಯಾಡಿಸಿ ಬದಿಗೆ ಸರಿದು ದಾರಿ ಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡು ನನ್ನ ಕರ್ಮ. ಸೋಮವಾರ ಅಪ್ಪ ಗಣಿಯ ಏರು ಹತ್ತಿ ಇಳಿದು ಬಂದರು. ಒಂದು ಸಲವೂ ಮುಖ ಕಿವುಚಲಿಲ್ಲ. ಇಳಿದವರೇ ಲೇತ್ ಮಾಮನ ಮುಂದೆ ಮೀಸೆ ತಿರುವಿದರು: "ಸಾವಿರ ಮೈಲಿ ಆಚೆ ಕೂತು ನನಗೆ ಏನು ಬೇಕು ಅಂತ ಗೊತ್ತು ನೋಡು ನನ್ನ ಮಗನಿಗೆ!" ಮಂಗಳವಾರ ಟೈರ್ ಅಂಗಡಿಯವರಿಗೆ ಅದೇ ಹರಿಕಥೆ. ನಿನ್ನೆ ಗುಜರಿಯವರಿಗೂ ಫೋನು, ಅದೂ ಸ್ಪೀಕರ್ ಹಾಕಿ. ಅವರು ಪಾಪ, "ಮಗಳಲ್ಲವಾ ಆರಿಸಿದ್ದು?" ಎಂದರೆ, "ಅವಳು ತಂದಳು, ಆರಿಸಿದ್ದು ಅವನು" ಎಂದು ಅಪ್ಪ ತಿದ್ದಿದರು. ನಾನು ಅಲ್ಲೇ ಜೀಪಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದೆ. ಎಷ್ಟು ಬಿಗಿದೆನೆಂದರೆ ಒಂದು ಮುರಿದೇ ಹೋಯಿತು. ಮಾಡಿದ್ದುಣ್ಣೋ ಮಹರಾಯ! ಸುಳ್ಳು ನನ್ನದು, ಹೊಗಳಿಕೆ ನಿನ್ನದು, ಹೊಟ್ಟೆಕಿಚ್ಚೂ ನನ್ನದೇ. ಚಿಕ್ಕಂದಿನಲ್ಲಿ ನೀನು ಮಾಡಿದ್ದಕ್ಕೆ ನಿನ್ನನ್ನು ಹೊಗಳುತ್ತಿದ್ದರು, ಉರಿದುಕೊಂಡು ಸುಮ್ಮನಾಗುತ್ತಿದ್ದೆ. ಈಗ ನಾನು ಮಾಡಿದ್ದಕ್ಕೂ ನಿನ್ನನ್ನೇ ಹೊಗಳುತ್ತಾರೆ. ಇದನ್ನು ಎಲ್ಲಿ ನುಂಗಲಿ ಹೇಳು. ನಿನ್ನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ, ನಿನ್ನ ಬೆವರುಸಾಲೆಗೆ ಪುಡಿ ಕಳಿಸುತ್ತಿರುವವಳೂ ನಾನೇ. ಆದರೆ ಒಂದೇ ಒಂದು ಸಲ, ಲೇತ್ ಮಾಮನ ಮುಂದೆ, ಅಪ್ಪನ ಬಾಯಲ್ಲಿ "ನನ್ನ ಮಗಳು ಆರಿಸಿದ್ದು" ಎಂಬ ಮಾತು ಕೇಳಬೇಕು ಕಣೋ. ಅಷ್ಟು ಸಾಕು ನನಗೆ.

ಪುಡಿಯನ್ನು ಸ್ನಾನವಾದ ಮೇಲೆ ಹಚ್ಚಿಕೋ. ಗಡ್ಡ ಬೋಳಿಸಿಕೋ ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ದೇವರು ನಿನ್ನನ್ನೂ ನಿನ್ನ ಎಂಜಿನ್ನನ್ನೂ ತಣ್ಣಗಿಟ್ಟಿರಲಿ.

ಇಂತಿ, ಹೊಟ್ಟೆ ಉರಿಯುತ್ತಿದ್ದರೂ ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಬೋರ್ಡ್ ಬರೆಯುವವರು ಬಂದು ಅಳತೆ ತೆಗೆದುಕೊಂಡು ಹೋದರು. ಗ್ಯಾರೇಜಿನ ಹೆಸರಿನ ಕೆಳಗೆ 'ಅಪ್ಪ ಮತ್ತು ಮಗ' ಎಂದು ಬರೆಸುತ್ತಾರಂತೆ. ಗೇರ್‌ಬಾಕ್ಸ್ ನೋಡಿದ ಮೇಲೆ ಅಪ್ಪನ ಮನಸ್ಸು ಗಟ್ಟಿಯಾಯಿತಂತೆ. ನಿನ್ನ ಹಡಗು ದಡ ಮುಟ್ಟಿದ ಮೇಲಿನ ಭಾನುವಾರ ಅಪ್ಪ ಫೋನ್ ಮಾಡುತ್ತಾರೆ, ಮಾರನೆಯ ದಿನ ಬೋರ್ಡಿಗೆ ಬಣ್ಣ ಹಚ್ಚುತ್ತಾರೆ. ಈ ಕಾಗದ ಅದಕ್ಕೆ ಮೊದಲೇ ಬಂದರಿನಲ್ಲಿ ನಿನ್ನ ಕೈ ಸೇರಿರುತ್ತದೆ. ಫೋನಿನಲ್ಲಿ ಅಪ್ಪ ಕೇಳುವುದು ಒಂದೇ: "ಮೂರರಲ್ಲಿ ಅದನ್ನೇ ಯಾಕೆ ಆರಿಸಿದೆ?" ಉತ್ತರ ಈ ಕಾಗದದ ಮೊದಲ ಪ್ಯಾರಾದಲ್ಲೇ ಇದೆ. ಆದರೆ ನೀನು ಯಾವತ್ತೂ ಆರೋಗ್ಯದ ಸಾಲು ಬಿಟ್ಟು ಸುದ್ದಿಯಿಂದಲೇ ಓದುವವನು. ಈಗ ತಿರುಗಿ ಹೋಗಿ ಓದು. ಓದಿ ಗೊತ್ತಾದ ಮೇಲೂ ಅಪ್ಪನಿಗೆ ಹೇಳಬೇಡ. "ನನಗೇನು ಗೊತ್ತಪ್ಪಾ, ಅಕ್ಕನ್ನ ಕೇಳಿ" ಅನ್ನು. ನಾನು ಪಕ್ಕದಲ್ಲೇ ನಿಂತಿರುತ್ತೇನೆ.